ಮೀನಿನ ವಯಸ್ಸು

ಕೆಂಪು ಬೆಳಕಿನ ಚುಕ್ಕೆ ಪರದೆಯ ಮೇಲಿನ ಕಲ್ಲಿನ ಚಿತ್ರದಲ್ಲಿ ಒಂದೊಂದೇ ಉಂಗುರ ದಾಟುತ್ತ ಹೊರಗೆ ಬರುತ್ತಿತ್ತು, ಐದು, ಆರು, ಏಳು, ಅಂಚಿಗೆ ಬಂದು ನಿಂತಿತು, ಎಂಟು, ಅಂದಳು ಲ್ಯಾಬಿನ ಅಕ್ಕ, ಅಂದರೆ ಎಂಟು ವರ್ಷದ ಮೀನು, ಮೀಟಿಂಗಿಗೆ ಕೂತ ಆರು ಜನರೂ ತಲೆಯಾಡಿಸಿದರು, ಪ್ರೊಫೆಸರ್ ಮೇಡಂ ಕೂಡ, ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ ಹುಡುಗಿಯೊಬ್ಬಳನ್ನು ಬಿಟ್ಟು. ಅವಳ ಕತ್ತು ಆಡಲೇ ಇಲ್ಲ. ಎಂಟಲ್ಲ ಅಕ್ಕಾ, ನಾಲ್ಕು, ನಾಲ್ಕು, ಬಾಯೊಳಗೇ ತಿರುಗುತ್ತಿರುವ ನಾಲ್ಕು, ಏಪ್ರನ್ನಿನ ಜೇಬಿನಲ್ಲಿ ಕಾಗದದ ಪೊಟ್ಟಣ, ಬೆರಳು ಸುಮ್ಮನಿರದೆ ಅದನ್ನೇ ಮುಟ್ಟುತ್ತದೆ, ಅಕ್ಕಿಕಾಳಿಗಿಂತ ತುಸು ದೊಡ್ಡ ಐದು ಕಲ್ಲು, ಮೀನಿನ ತಲೆಯೊಳಗಿನವು. ಏಪ್ರನ್ ಕೂಡ ಅಕ್ಕನದ್ದೇ, ಪಿಎಚ್‌ಡಿ ಮಾಡುತ್ತಿರುವ ಈ ಅಕ್ಕನೇ ಮೊದಲ ದಿನ ಅದರ ಉದ್ದ ತೋಳು ಮಡಚಿ ಪಿನ್ ಚುಚ್ಚಿ ಕೊಟ್ಟಿದ್ದಳು, ನಿಂದು ಬರೋತನಕ ಇದನ್ನ ಹಾಕ್ಕೋ, ಇಲ್ಲಿ ಮೊದಲ ವಾರ ಎಲ್ಲರೂ ಏನಾದರೂ ಒಡೀತಾರೆ, ನೀನೂ ಒಡಿ, ಹೆದರಬೇಡ. ಒಡೆದಳು, ಎರಡು ಗಾಜಿನ ಪಟ್ಟಿ, ಅಕ್ಕ ನಗುನಗುತ್ತ ಪೊರಕೆ ತಂದಳು. ಅಂಥವಳ ಮೂರು ವರ್ಷದ ದುಡಿಮೆಗೆ ಈಗ ಎದ್ದು ನಿಂತು ತಪ್ಪು ಅನ್ನುವುದಾ — ಅದಕ್ಕೆ ಯಾವ ಪೊರಕೆ ತರುವುದು, ಯಾರು ತರುವುದು. ನೀನ್ಯಾರೇ ಹೇಳೋಕೆ, ಡಿಗ್ರಿ ಮೊದಲ ವರ್ಷ ಈಗಷ್ಟೇ ಮುಗಿದಿದೆ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನಾಲ್ಕು ವಾರ ಆಗಿಲ್ಲ, ಕಾರಿಡಾರಿನಲ್ಲಿ ಇಬ್ಬರು ಮಾತಾಡಿಕೊಂಡದ್ದು ಕೇಳಿಸಿರಲಿಲ್ಲವಾ, ಯಾರಪ್ಪಾ ಅವಳು, ಅಯ್ಯೋ ಆ ಯೋಜನೆ ಹುಡುಗಿ ಕಣೋ. ಯೋಜನೆ ಹುಡುಗಿ. ಬೈದದ್ದೂ ಅಲ್ಲ, ಕರೆದದ್ದೂ ಅಲ್ಲ, ಡಬ್ಬಿಗೆ ಚೀಟಿ ಅಂಟಿಸಿದ ಹಾಗೆ.

ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಆ ಯೋಜನೆಯ ಕಾಗದ ಕಂಡಾಗ ಮೂರು ಸಲ ಓದಿದ್ದಳು, ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದವರು, ಇಂಥ ಕೆಲಸದ ಕಡೆ ಸಾಮಾನ್ಯವಾಗಿ ತಲೆ ಹಾಕದ ಮನೆತನದವರು, ಮೊದಲ ವರ್ಷದವರೂ ಆಗಬಹುದು, ರಜೆಯ ಹತ್ತು ವಾರ ಸಂಶೋಧನೆ, ಸಂಬಳ ಉಂಟು — ಆ ಕೊನೆಯ ಎರಡು ಪದ ಇರದಿದ್ದರೆ ಅದು ಬೇರೆಯವರ ಕಾಗದ, ಅವಳು ಓದಿ ಮುಂದೆ ಹೋಗುತ್ತಿದ್ದಳು, ಯಾಕೆಂದರೆ ರಜೆ ಅಂದರೆ ಮೀನು ಮಾರ್ಕೆಟ್ಟಿನಲ್ಲಿ ಅಮ್ಮನ ಕಟ್ಟೆ, ಅಮ್ಮ ಕತ್ತರಿಸುವುದು, ಇವಳು ಹುರುಪೆ ಹೆರೆಯುವುದು, ಏಳನೇ ಕ್ಲಾಸಿನಿಂದ ಪ್ರತಿ ರಜೆಯೂ ಹಾಗೇ. ಈಗ ಆ ಸಂಬಳದಲ್ಲಿ ಹುರುಪೆ ಹೆರೆಯಲು ಚಿಕ್ಕಮ್ಮ ಬರುತ್ತಾಳೆ. ಅಮ್ಮ ಮೊದಲು ನಂಬಲೇ ಇಲ್ಲ, ಓದಿಸೋದಕ್ಕೆ ನಾವು ಕೊಡೋದು ನೋಡಿದ್ದೀನಿ, ಓದಿಸಿ ಅವರೇ ಕೊಡ್ತಾರಾ, ಸಣ್ಣಕ್ಷರದಲ್ಲಿ ಏನು ಬರೆದವ್ರೆ ಸರಿಯಾಗಿ ನೋಡು, ಕಡೆಗೆ ಕಿಡ್ನಿ ಗಿಡ್ನಿ ಕೇಳಿಬಿಟ್ಟಾರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದಳು ಅವತ್ತು. ಆಮೇಲೆ ಅರ್ಜಿ ತುಂಬಲು ಕೂತು ತಾಯಿಯ ಉದ್ಯೋಗ ಅನ್ನುವ ಕಡೆ ಪೆನ್ನು ನಿಂತು, ನಿಂತು, ಸ್ವಂತ ವ್ಯಾಪಾರ ಅಂತ ಬರೆದಿತ್ತು. ಸುಳ್ಳೇನಲ್ಲವಲ್ಲ. ಮೀನಿನ ಬಗ್ಗೆ ಏನು ಗೊತ್ತು ನಿಂಗೆ, ಅಂತ ಸಂದರ್ಶನದಲ್ಲಿ ಮೇಡಂ ಕೇಳಿದಾಗ ತಿನ್ನೋದು ಗೊತ್ತು ಮೇಡಂ ಅಂದಳು, ಎಲ್ಲರೂ ನಕ್ಕರು, ಒಳಗೇ ಒಂದು ಸಣ್ಣ ಬಾಗಿಲು ಮುಚ್ಚಿಕೊಂಡಿತು — ದಿನಾ ಬಸ್ ಇಳಿದು ಲ್ಯಾಬಿಗೆ ಬರುವ ಮೊದಲು ಎರಡು ಸಲ ಸೋಪು ಹಾಕಿ ಕೈ ತೊಳೆಯುವುದು, ಮೂಸುವುದು, ಮತ್ತೆ ತೊಳೆಯುವುದು, ಎಂಥ ತಮಾಷೆ, ಒಳಗೆ ಬಂದ ಮೇಲೆ ಇಡೀ ದಿನ ಮೀನಿನ ತಲೆಯನ್ನೇ ಬಿಡಿಸುವುದು.

ಮೀನಿನ ತಲೆಯೊಳಗೆ, ಮಿದುಳಿನ ಕೆಳಗೆ, ಎರಡು ಬಿಳಿ ಕಲ್ಲು ಇರುತ್ತವೆ, ಕಿವಿಗಲ್ಲು, ಮರ ಕಡಿದರೆ ಕಾಣುತ್ತಲ್ಲ ಹಾಗೆ ಅದರಲ್ಲೂ ಉಂಗುರ, ಮೀನು ಹೊಟ್ಟೆಗಿಲ್ಲದೆ ಬೆಳವಣಿಗೆ ನಿಂತಾಗೆಲ್ಲ ಒಂದು ಕಪ್ಪು ಗೆರೆ, ವರ್ಷಕ್ಕೊಂದು, ಅಂತ ಅಕ್ಕ ಹೇಳಿಕೊಟ್ಟಿದ್ದಳು. ಅದನ್ನೇ ಭಾನುವಾರ ಕಟ್ಟೆಯ ಹಿಂದೆ ಕೂತು ಅಮ್ಮನಿಗೆ ಹೇಳಿದ್ದು, ದೊಡ್ಡ ಗತ್ತಿನಲ್ಲಿ, ನೋಡಮ್ಮಾ ಲ್ಯಾಬಲ್ಲಿ ನಾವು ನೋಡ್ತಿರೋದೂ ಇದೇ ಜಾತಿ, ಇಷ್ಟು ಗಾತ್ರ ಇದ್ರೆ ಎಂಟು ಉಂಗುರ, ನಿನ್ನ ಕೈಲಿರೋದಕ್ಕೆ ಎಂಟು ವರ್ಷ. ಅಮ್ಮನ ಕತ್ತಿ ಅರ್ಧಕ್ಕೇ ನಿಂತಿತು. ಎಂಟಾ, ಇದಕ್ಕಾ, ಯಾರು ಹೇಳಿದ್ದು ನಿಂಗೆ, ಇದು ಊರಾಚೆ ದೊಡ್ಡ ಕೆರೆ ಮೀನು ಕಣೇ, ನೀನು ಒಂಬತ್ತು ಪಾಸಾದ ವರ್ಷ ಆ ಕೆರೆ ಬತ್ತಿಸಿ ಹೂಳು ತೆಗೆದ್ರು, ಒಂದು ಕಪ್ಪೆನೂ ಉಳಿದಿರಲಿಲ್ಲ, ಆಮೇಲೆ ಬೆರಳುದ್ದದ ಮರಿ ತಂದು ಬಿಟ್ರು, ನಾನೇ ಕಣ್ಣಾರೆ ನೋಡಿದ್ದೀನಿ, ಎಂಟು ವರ್ಷ ಎಲ್ಲಿಂದ ಬಂತು, ಮತ್ತೆ ಹೊಟ್ಟೆಗಿಲ್ಲದ್ದು ಅಂದ್ಯಲ್ಲ, ಈ ಜಾತಿ ವರ್ಷಕ್ಕೆ ಎರಡು ಸಲ ಉಪವಾಸ. ಎರಡು ಸಲ. ಹತ್ತು, ಹನ್ನೊಂದು, ಹನ್ನೆರಡು, ಡಿಗ್ರಿ, ಬೆರಳು ಮಡಚಿದಳು, ನಾಲ್ಕು. ಅಲ್ಲೇ ಐದು ತಲೆ ಬಿಡಿಸಿ ಒಂದೊಂದು ಕಲ್ಲು ತೆಗೆದಳು, ಮಾರನೆಯ ದಿನ ಎಲ್ಲರೂ ಊಟಕ್ಕೆ ಹೋದಾಗ ಮರಳುಕಾಗದದ ಮೇಲೆ ಉಜ್ಜಿ ಎಣ್ಣೆ ಸವರಿ ನೋಡಿದಳು, ಎಂಟು, ಎಂಟು, ಎಂಟು, ಒಂದರಲ್ಲಿ ಏಳೋ ಎಂಟೋ, ಮತ್ತೆ ಎಂಟು. ಅಲ್ಲಿಂದ ಎರಡು ದಿನ ಪೊಟ್ಟಣ ಜೇಬಿನಲ್ಲೇ ಇದೆ, ಅಕ್ಕ ಹೇಗಿದೀಯಾ ಪುಟ್ಟಿ ಅಂದಾಗೆಲ್ಲ ಚುಚ್ಚುತ್ತಿದೆ.

ಯಾರಿಗಾದರೂ ಏನಾದರೂ ಕೇಳೋದಿದೆಯಾ, ಮೇಡಂ ಗಡಿಯಾರ ನೋಡುತ್ತ ಅಂದರು, ಮುಂದಿನ ವಾರ ವರದಿ ಮೀನುಗಾರಿಕೆ ಇಲಾಖೆಗೆ ಹೋಗಿಬಿಡುತ್ತೆ, ನಮ್ಮ ನದಿಯಲ್ಲಿ ಇಷ್ಟು ವರ್ಷದ ಮೀನಿಗೆ ಇಷ್ಟು ಬಲೆ ಹಾಕಬಹುದು ಅಂತ ಅದನ್ನ ನೋಡಿಯೇ ತೀರ್ಮಾನ ಮಾಡ್ತಾರೆ — ಕುರ್ಚಿ ಕಿರ್ರೆಂದಿತು, ಎದ್ದುಬಿಟ್ಟಿದ್ದಾಳೆ, ಕಾಲು ತಾನಾಗಿ ಎದ್ದಿದೆ, ಎಲ್ಲರ ಮುಖ ಇತ್ತ. ನಾಲ್ಕು ಇರಬಹುದು ಮೇಡಂ, ಎಂಟಲ್ಲ. ಸ್ವರ ಕೀಚಲು, ಛೀ. ಕೆರೆ, ಹೂಳು, ಮರಿ, ಎರಡು ಉಪವಾಸ, ಹಿಂದಿನದು ಮುಂದೆ ಮುಂದಿನದು ಹಿಂದೆ, ಹೇಗೋ ಹೇಳಿ ಪೊಟ್ಟಣ ಮೇಜಿನ ಮೇಲಿಟ್ಟಳು. ಕೆರೆ ವಿಷಯ ಯಾರು ಹೇಳಿದ್ದು, ಅಂದರು ಮೇಡಂ. ಮಾರ್ಕೆಟ್ಟಲ್ಲಿ, ಒಬ್ಬರು ಮೀನು ಮಾರೋರು — ಒಬ್ಬರು! ಹೆತ್ತವಳನ್ನು ಒಬ್ಬರು ಅಂದುಬಿಟ್ಟೆಯಾ — ನಮ್ಮಮ್ಮ ಮೇಡಂ, ಅಂದಳು, ಇಪ್ಪತ್ತು ವರ್ಷದಿಂದ ಮೀನು ಕತ್ತರಿಸ್ತಾಳೆ. ಯಾರೂ ನಗಲಿಲ್ಲ. ಅಕ್ಕ ಕಲ್ಲುಗಳನ್ನು ತೆಗೆದುಕೊಂಡು ಮೈಕ್ರೋಸ್ಕೋಪಿಗೆ ಬಾಗಿದಳು, ಅವಳ ಬೆನ್ನು, ಆ ಬೆನ್ನನ್ನು ನೋಡಲಾಗುತ್ತಿಲ್ಲ, ಒಂದಾದ ಮೇಲೆ ಒಂದು ಐದೂ ನೋಡಿದಳು, ತಲೆ ಎತ್ತಿದಾಗ ಕಣ್ಣು ಕೆಂಪಾಗಿತ್ತು. ಎಂಟೇ ಇದೆ, ನಾಲ್ಕು ವರ್ಷದ ಕೆರೆ ಮೀನಲ್ಲಿ ಎಂಟು ಉಂಗುರ ಇದೆ ಮೇಡಂ. ಕೆರೆ ಬೇರೆ, ನಮ್ಮ ನದಿ ಬೇರೆ, ಅಂದರು ಮೇಡಂ, ಆದರೂ ವರದಿ ನಿಲ್ಲಿಸೋಣ, ಮೊದಲು ಇದನ್ನ ನೋಡೋಣ. ಅಕ್ಕ ಇವಳ ಹತ್ತಿರ ಬಂದು ನಿಂತಳು, ಎರಡು ದಿನ ಯಾಕೆ ಸುಮ್ಮನಿದ್ದೆ ಮಾರಾಯ್ತಿ, ವರದಿ ಹೋದ ಮೇಲೆ ಗೊತ್ತಾಗಿದ್ದರೆ ನಾನು ಮುಖ ಎಲ್ಲಿ ಇಟ್ಕೊಳ್ಳಲಿ, ಬೈಗುಳವೇ, ಆದರೆ ಕೈ ಮಾತ್ರ ಇವಳ ಹೆಗಲ ಮೇಲೆ. ಯಾವಾಗ ಯಾವಾಗ ಉಪವಾಸ ಅಂತೆ, ಮೇಡಂ ಕೇಳುತ್ತಿದ್ದಾರೆ. ಅದು ಅಮ್ಮನ್ನೇ ಕೇಳಬೇಕು. ಹಾಗಾದರೆ ಕೇಳು, ಈಗಲೇ.

ಫೋನು ಮೇಜಿನ ನಡುವೆ, ಸ್ಪೀಕರ್ ಹಾಕಿ, ಮಾರ್ಕೆಟ್ಟಿನ ಗದ್ದಲವೆಲ್ಲ ಲ್ಯಾಬಿನೊಳಗೆ, ಟಕ್ ಟಕ್ ಕತ್ತಿ, ಏನಾಯ್ತೇ, ಕೈಗಿಯ್ಯಿಗೆ ಏನಾದರೂ ಮಾಡ್ಕೊಂಡ್ಯಾ, ಇಷ್ಟೊತ್ತಲ್ಲಿ ಫೋನು. ಏನಿಲ್ಲಮ್ಮಾ, ಮೀನಿನ ಉಪವಾಸ ಅಂದ್ಯಲ್ಲ, ಅದು ಯಾವಾಗ. ಅದಕ್ಕೆ ಫೋನಾ, ಗಿರಾಕಿ ನಿಂತವ್ರೆ, ಇಡೇ. ಮೇಡಂ ಕೇಳ್ತಿದ್ದಾರಮ್ಮಾ, ಎಲ್ಲರೂ ಕೇಳಿಸ್ಕೊಳ್ತಿದ್ದಾರೆ. ಕತ್ತಿಯ ಸದ್ದು ನಿಂತಿತು. ಆಮೇಲೆ ಮನೆಗೆ ದೊಡ್ಡವರು ಬಂದಾಗಿನ ಅಮ್ಮನ ದನಿ, ನಮಸ್ಕಾರ ಮೇಡಂ, ಅದು ಹೊಟ್ಟೆ ತುಂಬ ಮೊಟ್ಟೆ ಕಟ್ಟಿದಾಗ ಒಂದು ಸಲ, ತಿನ್ನೋಕೆ ಒಳಗೆ ಜಾಗನೇ ಇರಲ್ಲ, ಮತ್ತೆ ಬಿಸಿಲೇರಿ ನೀರು ಇಳೀತಲ್ಲ, ಆಗ ಸೀಳಿದರೆ ಕರುಳು ದಾರದ ಥರ ಇರುತ್ತೆ — ಸ್ವಲ್ಪ ನಿಧಾನವಾಗಿ ಹೇಳಿಯಮ್ಮಾ, ಅಂದಳು ಅಕ್ಕ, ನೋಟ್‌ಬುಕ್ಕಿನ ಹೊಸ ಹಾಳೆ ತಿರುಗಿಸಿ, ನೀಲಿ ಪೆನ್ನು, ಹಾಳೆಯ ಮೇಲೆ ಅದರ ತುದಿ, ದಾರದ ಥರ, ಬರೆಯಿತು ಪೆನ್ನು, ಅಮ್ಮ ಉಸಿರು ತೆಗೆದುಕೊಂಡಳು, ಪೆನ್ನು ನಿಂತಿತು, ಕಾಯುತ್ತಿದೆ, ಪಿಎಚ್‌ಡಿಯ ಪೆನ್ನು, ಅಮ್ಮನ ಮುಂದಿನ ಮಾತಿಗೆ ಕಾಯುತ್ತಿದೆ, ಹಾಳೆಯ ಮೇಲೆ ಆ ಪೆನ್ನಿನ ತುದಿ, ಆ ತುದಿ —