ದೊಡ್ಡಮ್ಮನ ಕುರ್ಚಿಗೆ ಬಟ್ಟೆ ಹೂವು

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂಬ ಗಾದೆ ಎಲ್ಲರಿಗೂ ಗೊತ್ತು. ನನ್ನ ವಿಷಯದಲ್ಲಿ ಅದು ಗಾದೆಯಲ್ಲ, ಡಾಕ್ಟರು ಕೊಟ್ಟ ಎಚ್ಚರಿಕೆ. ಹೂವು ತುಂಬಿದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ನನಗೆ ಉಸಿರು ಕಟ್ಟುತ್ತದೆ. ಹಿಂದೊಮ್ಮೆ ಪಕ್ಕದ ಮನೆಯವರ ಮದುವೆಗೆ ಹೋಗಿ, ಮದುಮಕ್ಕಳಿಗೆ ಒಳ್ಳೆಯದಾಗಲಿ ಎನ್ನುವ ಮೊದಲೇ ಆಂಬುಲೆನ್ಸಿನಲ್ಲಿ ಮಲಗಿದ್ದೆ. ಆಗ ಸ್ಟ್ರೆಚರಿನ ಪಕ್ಕದಲ್ಲಿ ಚಪ್ಪಲಿಯೂ ಇಲ್ಲದೆ ಓಡಿ ಬಂದವಳು ನನ್ನ ಹುಡುಗಿ. "ಇನ್ನೊಂದ್ಸಲ ಹೀಗಾದ್ರೆ ನಮ್ಮ ಕೈಲಿ ಏನೂ ಇರಲ್ಲ" ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡವಳೂ ಅವಳೇ.

ನನ್ನ ಹುಡುಗಿ ಅಂದೆ. ನಿಜವಾಗಿ ಅವಳು ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡಾಗ ಇವಳಿಗೆ ಇನ್ನೂ ಶೂ ಲೇಸು ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಅಪ್ಪ ಅನ್ನಿಸಿಕೊಂಡವನು ಬೇರೆ ಸಂಸಾರ ಹೂಡಿದ. ನಾನು ಮದುವೆಯ ಗೊಡವೆಗೇ ಹೋಗಿರಲಿಲ್ಲ. ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿದುಕೊಂಡು ಆರಾಮಾಗಿದ್ದೆ. ಇವಳು ಬಂದ ಮೇಲೆ ಆರಾಮು ಹೋಯಿತು, ಅದಕ್ಕಾಗಿ ನನಗೆ ಒಂದು ದಿನವೂ ಬೇಸರವಾಗಲಿಲ್ಲ. ಅಮ್ಮ ಅನ್ನು ಎಂದು ನಾನು ಹೇಳಿಕೊಡಲಿಲ್ಲ, ಅವಳೂ ಅನ್ನಲಿಲ್ಲ. ದೊಡ್ಡಮ್ಮ ಎಂದೇ ಕರೆದಳು, ನಾನು ಮರಿ ಎಂದು ಕರೆದೆ. ಈಗ ಆಫೀಸಿನಲ್ಲಿ ಎಷ್ಟೋ ಜನ ಅವಳ ಕೈಕೆಳಗೆ ಕೆಲಸ ಮಾಡುತ್ತಾರೆ, ನನಗೆ ಮಾತ್ರ ಮರಿಯೇ.

ಮದುವೆ ಗೊತ್ತಾದ ದಿನ ಅವಳು ನನ್ನ ಹೊಲಿಗೆ ಮೆಷಿನ್ನಿನ ಮುಂದೆ ನಿಂತು, ಕೈಯನ್ನು ಸೊಂಟದ ಮೇಲೆ ಇಟ್ಟುಕೊಂಡು ಹೇಳಿದ್ದಳು: "ನನ್ ಮದ್ವೇಲಿ ಒಂದೇ ಒಂದು ನಿಜವಾದ ಹೂವೂ ಇರಲ್ಲ ದೊಡ್ಡಮ್ಮ. ಎಲ್ಲಾ ಬಟ್ಟೇದೇ. ನೀನು ಮೊದಲ್ನೇ ಸಾಲಲ್ಲಿ, ನಟ್ಟನಡುವೆ ಕೂರ್ಬೇಕು."

"ಜನ ನಗ್ತಾರೆ ಕಣೇ."

"ನಗ್ಲಿ ಬಿಡು. ಹಲ್ಲು ಕಾಣ್ಸಿದ್ರೆ ಫೋಟೋ ಚೆನ್ನಾಗಿ ಬರುತ್ತೆ."

ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಮೊದಲನೇ ಸಾಲಿಗೆ ತಕ್ಕಂಥ ಹೊಸ ಬಟ್ಟೆಯನ್ನೂ ಹೊಲಿದುಕೊಂಡೆ.

ಅಲಂಕಾರದ ಅಂಗಡಿಗೆ ಹೋದದ್ದು ನಾವು ಮೂವರು: ನಾನು, ಹುಡುಗಿ, ಬೀಗಿತ್ತಿ. ಹುಡುಗನ ತಾಯಿ ಒಳ್ಳೆಯ ಹೆಂಗಸು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು, ಬೈದುಕೊಳ್ಳಲು ಒಬ್ಬರು ಸಿಗುತ್ತಿದ್ದರು. "ನೀವು ಬಿಸಿಲಲ್ಲಿ ಕೂರ್ಬೇಡಿ" ಎಂದು ತಾವೇ ಪ್ಲಾಸ್ಟಿಕ್ ಸ್ಟೂಲನ್ನು ನೆರಳಿಗೆ ಎಳೆದುಕೊಟ್ಟರು. ಅಂಗಡಿಯ ಗಾಜಿನ ಬಾಗಿಲಿನಾಚೆ ಬಕೆಟ್ಟು ಬಕೆಟ್ಟು ತಾಜಾ ಹೂವು. ಬಟ್ಟೆ ಹೂವು ಇರುವುದು ಹಿಂದಿನ ಗೋದಾಮಿನಲ್ಲಿ. ನಾನು ಒಳಗೆ ಕಾಲಿಡುವಂತಿಲ್ಲ, ಆದ್ದರಿಂದ ಮಾದರಿಗಳನ್ನು ಹೊರಗೇ ತಂದು ತೋರಿಸುವುದೆಂದು ಮಾತಾಗಿತ್ತು. ಮಾಸ್ಕು ಏರಿಸಿಕೊಂಡು ಫುಟ್‌ಪಾತಿನ ಮೇಲೆ ಕೂತೆ. ಆದರೂ ಬಾಗಿಲು ತೆರೆದಾಗಲೆಲ್ಲ ಒಳಗಿನ ತಣ್ಣನೆಯ ಗಾಳಿ ಬಂದು, ಎದೆಯೊಳಗೆ ಯಾರೋ ಸಣ್ಣಗೆ ಪೀಪಿ ಊದಿದಂತಾಗುತ್ತಿತ್ತು.

ಗಾಜಿನ ಮೂಲಕ ನೋಡುತ್ತಿದ್ದೆ. ಹುಡುಗಿ ನೇರವಾಗಿ ಗೋದಾಮಿಗೆ ಹೋಗಬೇಕಿತ್ತು, ಹೋಗಲಿಲ್ಲ. ಬಿಳಿ ಲಿಲ್ಲಿಗಳ ಬಕೆಟ್ಟಿನ ಮುಂದೆ ನಿಂತಳು. ಬಗ್ಗಿ, ಮುಖವನ್ನೇ ಹೂಗಳ ನಡುವೆ ಇಟ್ಟು ಕಣ್ಣು ಮುಚ್ಚಿಕೊಂಡಳು. ಎಷ್ಟು ಹೊತ್ತೆಂದರೆ, ಬೀಗಿತ್ತಿ ಬೆನ್ನು ತಟ್ಟಿ ಎಬ್ಬಿಸಬೇಕಾಯಿತು. ನಮ್ಮ ಮನೆಯಲ್ಲಿ ಹೂದಾನಿಯಿಲ್ಲ, ಕುಂಡವಿಲ್ಲ. ಹುಟ್ಟುಹಬ್ಬಕ್ಕೆ ಗೆಳತಿಯರು ಕೊಟ್ಟ ಹೂಗುಚ್ಛವನ್ನು ಅವಳು ಬಸ್‌ಸ್ಟಾಪಿನ ಬೆಂಚಿನ ಮೇಲೆ ಬಿಟ್ಟು ಬರುತ್ತಿದ್ದಳು. ಒಂದು ಸಲವೂ ಮುಖ ಸಪ್ಪಗೆ ಮಾಡಿದವಳಲ್ಲ. ಅವಳಿಗೆ ಹೂವೆಂದರೆ ಅಷ್ಟಕ್ಕಷ್ಟೇ ಎಂದು ನಾನು ತಿಳಿದಿದ್ದೆ.

ಅಲಂಕಾರದವನು ಬಟ್ಟೆ ಹೂವಿನ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಮೆಟ್ಟಿಲ ಮೇಲೆ ಇಳಿಸಿದ. ಹಿಂದೆಯೇ ಇವರಿಬ್ಬರೂ ಬಂದರು.

"ಇದು ಯಾವ ಜಾಗಕ್ಕೆ ಮೇಡಂ?" ಎಂದು ಅವನು ಹುಡುಗಿಯನ್ನು ಕೇಳಿದ. "ವೇದಿಕೆಗೆ, ಬಾಗಿಲಿಗೆ ಎಲ್ಲಾ ನೀವು ಹೋದ್ವಾರ ಬಂದು ಹೇಳಿದ್ರಲ್ಲ, ಆ ಬಿಳಿ ಲಿಲ್ಲೀನೇ. ಅದಕ್ಕೆ ಆರ್ಡರ್ ಕೊಟ್ಟಾಗಿದೆ."

ಆ ಹೊತ್ತಿಗೆ ರಸ್ತೆಯಲ್ಲೊಂದು ಬಸ್ಸಾದರೂ ಹಾರನ್ ಹೊಡೆಯಬಾರದಿತ್ತೇ? ಹೊಡೆಯಲಿಲ್ಲ. ಬೀಗಿತ್ತಿ ತಮ್ಮ ಬ್ಯಾಗಿನೊಳಗೆ ಏನನ್ನೋ ಹುಡುಕತೊಡಗಿದರು. ಹುಡುಗಿ ನನ್ನ ಮುಖ ನೋಡಿ, ತಕ್ಷಣ ನೆಲ ನೋಡಿದಳು. ದೊಡ್ಡಮ್ಮನಿಗೆ ಕೇಳಿಸಿತೋ ಇಲ್ಲವೋ ಎಂಬ ಅನುಮಾನ ಅವಳಿಗೆ. ನನಗೆ ಉಬ್ಬಸ, ಕಿವುಡಲ್ಲ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಹೋದ ವಾರವೇ ಬಂದು ಎಲ್ಲ ಮುಗಿಸಿ ಹೋಗಿದ್ದಾಳೆ. ಇವತ್ತು ನನ್ನನ್ನು ಕರೆತಂದದ್ದು ಹೂವು ಆರಿಸುವುದಕ್ಕಲ್ಲ. ಹೇಳಲು ಬಾಯಿ ಬಾರದೆ, ಬೇಡ ಎನ್ನುವ ಮಾತು ಹೇಗೋ ನನ್ನ ಬಾಯಿಂದಲೇ ಹೊರಡಲಿ ಎಂದು ಕರೆತಂದಿದ್ದಾಳೆ. ಕೋಪ ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಆಡಬೇಕಾದ ಮಾತೆಲ್ಲ ನಾಲಿಗೆಯ ಮೇಲೆ ಬಂದು ನಿಂತಿತ್ತು: ಜ್ವರ ಬಂದ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಮೆಷಿನ್ನು ತುಳಿದವಳು ನಾನು, ಇವತ್ತು ನಿನಗೆ ನನಗಿಂತ ಹೂವು ಹೆಚ್ಚಾಯಿತಾ?

"ದೊಡ್ಡಮ್ಮ, ಅದೇನಾಯ್ತು ಅಂದ್ರೆ..." ಎನ್ನುತ್ತ ಅವಳು ತಲೆಯೆತ್ತಿದಳು.

ಅವಳ ಮೂಗಿನ ಮೇಲೆ ಲಿಲ್ಲಿಯ ಪರಾಗ ಕೇಸರಿ ಪುಡಿಯ ಹಾಗೆ ಮೆತ್ತಿಕೊಂಡಿತ್ತು. ಸಕ್ಕರೆ ಡಬ್ಬಿಗೆ ಕೈಹಾಕಿ ಸಿಕ್ಕಿಬಿದ್ದ ಮಗುವಿನ ಮುಖ. ನನ್ನ ಬಾಯಲ್ಲಿದ್ದ ಮಾತೆಲ್ಲ ಅಲ್ಲೇ ಇಂಗಿಹೋಯಿತು.

"ಮೊದ್ಲು ಮೂಗು ಒರೆಸ್ಕೋ" ಎಂದೆ. "ಆ ಬಿಳೀದು ಚೆನ್ನಾಗಿದೆ. ಅದನ್ನೇ ಹಾಕ್ಸು."

"ಮತ್ತೆ ನೀನು?"

"ನಿಂಗೆ ಹೇಳೋದೇ ಮರೆತೆ. ಡಾಕ್ಟ್ರು ಹೊಸ ಮಾತ್ರೆ ಕೊಟ್ಟಿದಾರೆ. ಬೆಳಿಗ್ಗೆ ಒಂದು ನುಂಗಿದ್ರೆ ಸಂಜೆವರೆಗೂ ಹೂದೋಟದಲ್ಲೇ ಮಲಗ್ಬಹುದಂತೆ."

ಅಂಥ ಮಾತ್ರೆ ಇಲ್ಲ. ಇದ್ದಿದ್ದರೆ ನಾನೇಕೆ ಮಾಸ್ಕು ಹಾಕಿಕೊಂಡು ಬೀದಿಯಲ್ಲಿ ಕೂತಿರುತ್ತಿದ್ದೆ? ಅಷ್ಟು ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿ ಎಂದೇ ನಾನು ಕಾದೆ. ಊಟವಾಯಿತು ಎಂದು ಸುಳ್ಳು ಹೇಳಿದರೆ ಪಾತ್ರೆಯ ಮುಚ್ಚಳ ತೆಗೆದು ನೋಡುವ ಹುಡುಗಿ ಅವಳು. ಮಂಡಿ ನೋವಿಲ್ಲ ಎಂದರೆ, ಎಲ್ಲಿ ಮೆಟ್ಟಿಲು ಹತ್ತು ನೋಡೋಣ ಎನ್ನುವವಳು. ಸುಳ್ಳು ಹೇಳ್ಬೇಡ ದೊಡ್ಡಮ್ಮ ಎಂದು ಒಂದೇ ಒಂದು ಸಲ ಗದರಲಿ, ಸಾಕು. ಆಮೇಲೆ ಊರಿನ ಹೂವನ್ನೆಲ್ಲ ತಂದು ಸುರಿದುಕೊಂಡರೂ ನಾನು ತುಟಿಪಿಟಕ್ಕೆನ್ನುವುದಿಲ್ಲ.

"ನಿಜ್ವಾಗ್ಲೂನಾ?" ಎಂದಳು. ಅಷ್ಟೇ. ಮುಖ ಅರಳಿತು. ನಂಬಿಬಿಟ್ಟಳು.

ಇಷ್ಟು ವರ್ಷ ಬಂದ ಉಬ್ಬಸದಲ್ಲಿ ಯಾವುದೂ ಇಷ್ಟು ನೋಯಿಸಿರಲಿಲ್ಲ.

ಬೀಗಿತ್ತಿ ಬ್ಯಾಗಿನಿಂದ ತಲೆಯೆತ್ತಿ, "ನಿಮ್ಮದು ದೊಡ್ಡ ಮನಸ್ಸು" ಎಂದರು. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಪಾಲು ಸಿಗದವರ ಕೈಗೆ ಈ ಮಾತನ್ನು ಇಟ್ಟು ಕಳಿಸುತ್ತಾರೆ. "ದೊಡ್ಡಮ್ಮ ಅಂದ್ಮೇಲೆ ಮನಸ್ಸೂ ದೊಡ್ಡದಿರ್ಬೇಕಲ್ಲ" ಎಂದು ನಕ್ಕೆ. ಅವರು ನಗಲಿಲ್ಲ. ನನ್ನ ಕಣ್ಣು ತಪ್ಪಿಸಿದರು. ಅವರಿಗೆ ಅರ್ಥವಾಗಿತ್ತು.

"ಆದ್ರೂ ರಿಸ್ಕ್ ಬೇಡ" ಎಂದು ಹುಡುಗಿ ಅಲಂಕಾರದವನ ಕಡೆ ತಿರುಗಿದಳು. "ನಮ್ ದೊಡ್ಡಮ್ಮನ ಕುರ್ಚಿ ಸುತ್ತ ಮಾತ್ರ ಬಟ್ಟೆ ಹೂವು ಹಾಕಿ. ಅಲ್ಲಿ ಒಂದೂ ನಿಜವಾದ್ದು ಇರ್ಬಾರ್ದು."

ಗಾಳಿಗೆ ಬೇಲಿ ಹಾಕಲಾಗುತ್ತದೆಯೇ? ಅವಳಿಗೆ ತಿಳಿಯದ್ದೇನಲ್ಲ. ಪ್ರೀತಿಗೆ ಹೇಳಿದಳೋ, ಮನಸ್ಸು ಚುಚ್ಚಿ ಹೇಳಿದಳೋ. ಎರಡೂ ಇರಬಹುದು. ನಾನು ಕೆದಕಲಿಲ್ಲ.

"ನೀನೇ ಆರಿಸು ದೊಡ್ಡಮ್ಮ. ನಿನ್ ಕುರ್ಚಿ ಅಲ್ವಾ?"

ಆರಿಸಿದೆ. ನಾನು ಕೂರದ ಕುರ್ಚಿಗೆ ಬಹಳ ಹೊತ್ತು ಕೂತು ಹೂವು ಆರಿಸಿದೆ. ಗುಲಾಬಿ ಬಣ್ಣದ್ದರ ಅಂಚಿನಲ್ಲಿ ನೂಲು ಬಿಚ್ಚಿಕೊಂಡಿತ್ತು, ಆಚೆ ಇಟ್ಟೆ. ಹಳದಿಯದಕ್ಕೆ ಎದ್ದು ಕಾಣುವ ಹಾಗೆ ಅಂಟು ಬಳಿದಿದ್ದರು. "ಇದನ್ನ ಹೂವು ಅಂತೀರಾ? ಮೇಜು ಒರೆಸೋ ಬಟ್ಟೆ ಇದಕ್ಕಿಂತ ಲಕ್ಷಣವಾಗಿರುತ್ತೆ" ಎಂದು ಅವನನ್ನು ತರಾಟೆಗೆ ತೆಗೆದುಕೊಂಡೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಬೇಕೆಂದು ಇನ್ನೂ ನಾಲ್ಕು ಮಾತು ಅಂದೆ. ಪೆಟ್ಟಿಗೆಯ ತಳದಲ್ಲಿ ತೆಳು ನೀಲಿಯ ಪುಟ್ಟ ಹೂಗಳಿದ್ದವು, ಒಂದೊಂದು ಎಸಳನ್ನೂ ಕೈಯಲ್ಲಿ ಮಡಿಚಿ ಹೊಲಿದದ್ದು. ನನ್ನ ಹೊಸ ಬಟ್ಟೆಗೆ ಒಪ್ಪುತ್ತದೆ ಅಂದುಕೊಂಡೆ. ಆ ಬಟ್ಟೆ ತೊಟ್ಟು ಎಲ್ಲಿಗೆ ಹೋಗಲಿ ಎಂದು ಮರುಗಳಿಗೆ ನೆನಪಾಗಿ ಕೈ ಅಲ್ಲೇ ನಿಂತಿತು.

ಮದುವೆಯ ಬೆಳಿಗ್ಗೆ ಏನು ಮಾಡಬೇಕೆಂದು ನನಗೆ ಆಗಲೇ ತಿಳಿದಿತ್ತು. ನೀನು ಮುಂದೆ ನಡಿ ಮರಿ, ನಾನು ಬಾಗಿಲು ಹಾಕ್ಕೊಂಡು ಹಿಂದೇನೇ ಬರ್ತೀನಿ ಎನ್ನುತ್ತೇನೆ. ಅವಳ ಗಾಡಿ ತಿರುವು ದಾಟುವವರೆಗೆ ನಿಂತಿರುತ್ತೇನೆ. ಆಮೇಲೆ ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇನೆ. ಮದುವೆ ಹಾಲ್‌ನಲ್ಲಿ ಅವಳು ನನ್ನನ್ನು ಹುಡುಕುತ್ತಾಳೆ, ಅಳಲೂಬಹುದು. ಅಷ್ಟು ಜನರ ನಡುವೆ ಬಹಳ ಹೊತ್ತು ಅಳಲು ಯಾರೂ ಬಿಡುವುದಿಲ್ಲ.

"ಅಮ್ಮ, ಒಂದ್ನಿಮಿಷ ಇದ್ರಲ್ಲಿ ಕೂತ್ಕೊಳ್ಳಿ" ಎಂದು ಅಲಂಕಾರದವನು ಎತ್ತರದ ಬೆನ್ನಿನ ಕುರ್ಚಿಯೊಂದನ್ನು ತಂದು ಫುಟ್‌ಪಾತಿನ ಮೇಲೆ ಇಟ್ಟ. "ತಲೆ ಹಿಂದೆ ಎಲ್ಲಿವರೆಗೆ ಹೂವು ಬರ್ಬೇಕು ಅಂತ ನೋಡ್ತೀನಿ."

ಕೂತೆ. ಅವನು ಟೇಪು ಹಿಡಿದು ಅಳೆದ, ನೀಲಿ ಹೂಗಳ ಒಂದು ಸಾಲನ್ನು ನನ್ನ ಭುಜದ ಹಿಂದಿನಿಂದ ಇಳಿಬಿಟ್ಟ. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಅವಳ ಕಣ್ಣು ತುಂಬಿಕೊಂಡಿತ್ತು.

"ಎಷ್ಟು ಚೆನ್ನಾಗಿ ಕಾಣ್ತಿದೀಯ ಗೊತ್ತಾ ದೊಡ್ಡಮ್ಮ? ಮಾಸ್ಕ್ ತೆಗಿ, ಒಂದು ಫೋಟೋ."

ತೆಗೆದೆ. ನಕ್ಕೆ. ಅವಳು ಫೋಟೋ ಹಿಡಿದು, ಅಲಂಕಾರದವನಿಗೆ ಬೆರಳು ತೋರಿಸಿ ಹೇಳಿದಳು: "ನೋಡಿ, ಜನ ಎಷ್ಟೇ ಬರ್ಲಿ, ಕುರ್ಚಿ ಸಾಲ್ದೇ ಹೋಗ್ಲಿ. ಇದ್ರಲ್ಲಿ ಮಾತ್ರ ಬೇರೆ ಯಾರೂ ಕೂರ್ಬಾರ್ದು."

"ಯಾರೂ ಕೂರಲ್ಲ ಮೇಡಂ."

ಅಳತೆಯ ಕೆಲಸ ಮುಗಿದಿತ್ತು. ಅವನು ಕುರ್ಚಿ ಎತ್ತಿಕೊಂಡು ಹೋಗಲು ನಾನು ಏಳುವುದನ್ನೇ ಕಾಯುತ್ತ ನಿಂತ. ನಾನು ಏಳಲಿಲ್ಲ. ಇವತ್ತಾದರೂ ಇನ್ನಷ್ಟು ಹೊತ್ತು ಕೂತಿರೋಣ ಅನ್ನಿಸಿತು.