ಮುಂಬಾಗಿಲಿನ ಪಾಪಯ್ಯ

ಪಾಪಯ್ಯ ಯಾರ ಮನೆಗೂ ಹಿಂಬಾಗಿಲಿನಿಂದ ಹೋದವನಲ್ಲ. ಮದುವೆಮನೆಯಲ್ಲಿ ಊರಿಗೆ ಊರೇ ಹಿತ್ತಲಿನಿಂದ ನುಸುಳಿ ಪಂಕ್ತಿಗೆ ಕೂತರೂ, ಈ ಮಹಾನುಭಾವ ಮಾತ್ರ ಕತ್ತು ನೆಟ್ಟಗೆ ಮಾಡಿ, ತೋಳು ಉದ್ದವಾದ ಕಪ್ಪು ಕೋಟನ್ನು ಜಗ್ಗಿಕೊಳ್ಳುತ್ತ, ಬೀದಿ ಸುತ್ತಿ ಮುಂಬಾಗಿಲಿಗೇ ಬರುತ್ತಿದ್ದ. ಅಷ್ಟರಲ್ಲಿ ಪಾಯಸ ಮುಗಿದಿರುತ್ತಿತ್ತು.

ಹಟಕ್ಕೆ ಕಾರಣವಿತ್ತು. ತಾಯಿ ಸೊಣ್ಣಮ್ಮ ವೈಟ್‌ಫೀಲ್ಡಿನ ದೊರೆಗಳ ಬಂಗಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆರು ವರ್ಷದ ಪಾಪಯ್ಯ ಒಮ್ಮೆ ಮುಂಬಾಗಿಲಿನಿಂದ ಒಳಗೆ ಓಡಿದ್ದಕ್ಕೆ, ದೊರೆಸಾನಿ ಆ ಹೊಸ್ತಿಲನ್ನು ಸೊಣ್ಣಮ್ಮನ ಕೈಯಲ್ಲೇ ಫಿನಾಯಿಲು ಹಾಕಿಸಿ ತೊಳೆಸಿದಳು. ಅವರು ಆಸ್ಟ್ರೇಲಿಯಾಕ್ಕೆ ಹೊರಟಾಗ ಕೊಟ್ಟುಹೋದ ಕೋಟೇ ಇದು. ಮುಂದೆ ಅವನು ಸೇರಿದ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗದಲ್ಲಿ ಕೋಟಿಲ್ಲದವರಿಗೆ ಸೆಮಿನಾರಿಗೆ ಪ್ರವೇಶವಿರಲಿಲ್ಲ, ಅದನ್ನು ಹೊರದೆ ವಿಧಿಯಿರಲಿಲ್ಲ.

ಎಪ್ಪತ್ತೆಂಟನೇ ಇಸವಿಯಲ್ಲಿ ಅವನು ಅಲ್ಲಿ ಸಂಶೋಧನೆಗೆ ಸೇರಿದ. ಬಿಳಿಯರ ಕಾಲದ ವರ್ಣದ್ವೇಷ ಆ ವಿಭಾಗದ ವಿದ್ಯೆಯೊಳಗೇ ಎಷ್ಟು ಉಳಿದಿದೆಯೆಂಬುದು ಅವನ ವಿಷಯ. ಹಳೆಯ ಬೀರು ತೆಗೆದರೆ, ವಿಭಾಗ ಕಟ್ಟಿದ ಇಂಗ್ಲಿಷ್ ಪ್ರೊಫೆಸರು ವೈಟ್‌ಫೀಲ್ಡಿನ ಸುತ್ತಲ ಹಳ್ಳಿಗರ ತಲೆ, ಮೂಗು ಅಳೆದು ಬರೆದಿಟ್ಟ ಕಾರ್ಡುಗಳು! ನಲವತ್ತೇಳನೆಯ ಕಾರ್ಡಿನಲ್ಲಿ ಎಡಗಿವಿಯ ಹಾಲೆ ಹರಿದ ಹುಡುಗಿಯ ಫೋಟೋ. ಹೆಸರಿಲ್ಲ. ‘ಮೂಗು ಚಪ್ಪಟೆ, ಬುದ್ಧಿ ಮಂದ’ ಎಂದಷ್ಟೇ ಇತ್ತು. ಆ ಹರಿದ ಕಿವಿಯನ್ನು ಹಿಡಿದುಕೊಂಡೇ ನಿದ್ದೆಹೋಗುತ್ತ ಪಾಪಯ್ಯ ಬೆಳೆದಿದ್ದ.

“ಊಂ ಕಣಪ್ಪ, ತಲೆಗೆ ಇಕ್ಕಳ ಇಟ್ಟು ಅಳೆದ್ರು. ಒಂದು ಬಿಸ್ಕತ್ತು ಕೊಟ್ರು,” ಎಂದಳು ಸೊಣ್ಣಮ್ಮ, ಅವನು ಮನೆಗೆ ಹೋಗಿ ಕೇಳಿದಾಗ. “ನನ್ ಇಸ್ಯ ಏನ್ ಬರ್ಕೊಂಡವ್ರೆ?”

ನೋಡಿ ಹೇಳುತ್ತೇನೆ ಎಂದ.

ಅದರ ಮೇಲೆ ಅವನು ಅರವತ್ತು ಪುಟಗಳ ಅಧ್ಯಾಯ ಬರೆದ. ಅದೇ ಕಾರ್ಡು, ಅದೇ ಇಕ್ಕಳ ತೋರಿಸಿ ಈಗಲೂ ವರ್ಷವರ್ಷ ಪಾಠ ನಡೆಯುತ್ತಿದೆಯೆಂದು ಮೇಷ್ಟ್ರುಗಳ ಹೆಸರು ಸಮೇತ ಬರೆದ. ಗೈಡು ಓದಿ ಕನ್ನಡಕ ತೆಗೆದಿಟ್ಟರು. “ಈ ಅಧ್ಯಾಯ ತೆಗೀರಿ. ಇಲ್ದಿದ್ರೆ ಡಾಕ್ಟರೇಟೂ ಇಲ್ಲ, ಲೆಕ್ಚರರ್ ಕೆಲಸಾನೂ ಇಲ್ಲ.”

ಎರಡು ವರ್ಷ ಗುದ್ದಾಡಿದ, ಪಾಪ. ಕೊನೆಗೆ ಅಂಗಲಾಚಿದ: ಹೋಗಲಿ, ಕಾರ್ಡಿನ ಮೇಲೆ ತಾಯಿಯ ಹೆಸರಾದರೂ ಬರೆಯೋಣ, ‘ಬುದ್ಧಿ ಮಂದ’ ಎಂಬ ಆ ಒಂದು ಮಾತನ್ನು ಹೊಡೆದುಹಾಕೋಣ.

“ದಾಖಲೆ ತಿದ್ದೋದು ಅಪರಾಧ ಕಣ್ರೀ. ನಿಮ್ಮ ಪ್ರಬಂಧ ತಿದ್ದಿ.”

ಪಾಪಯ್ಯ ತಿದ್ದಿದ.

ಮೌಖಿಕ ಪರೀಕ್ಷೆಯ ದಿನ, ಇಂಗ್ಲಿಷ್ ಪ್ರೊಫೆಸರ ಜನ್ಮಶತಮಾನೋತ್ಸವಕ್ಕೆಂದು ಮುಂದಿನ ಹಜಾರಕ್ಕೆ ಬಣ್ಣ ಬಳಿಯುತ್ತಿದ್ದರು, ಬಾಗಿಲು ಹಾಕಿತ್ತು. “ಹಿಂದ್ಗಡೆಯಿಂದ ಬಂದ್ಬಿಡಿ ಪಾಪಯ್ಯ, ಎಲ್ಲಾ ಕಾಯ್ತಿದಾರೆ,” ಎಂದು ಗೈಡು ಕಿಟಕಿಯಿಂದ ಕೂಗಿದರು. ಬಿಸಿಲಲ್ಲಿ ಒಂದಷ್ಟು ಹೊತ್ತು ನಿಂತ. ಆಮೇಲೆ ಕೋಟು ಜಗ್ಗಿಕೊಂಡು ಹಿಂದಕ್ಕೆ ಹೋದ.

ಮುಂದಿನ ವರ್ಷ ಇಕ್ಕಳ ಹಿಡಿದು ಪಾಠ ಮಾಡುವ ಸರದಿ ಡಾಕ್ಟರ್ ಪಾಪಯ್ಯನದಾಯಿತು. ಸೊಣ್ಣಮ್ಮ ಮಾತ್ರ ಮರೆತಿರಲಿಲ್ಲ. “ಏನ್ ಬರ್ದಿದ್ರಪ್ಪ ಅವತ್ತು?”

“ಒಳ್ಳೇದೇ ಬರ್ದವ್ರೆ ಕಣಮ್ಮ.”

ಇಂಥವರಿಗೆ ಅವಮಾನದ ಅಳತೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅದನ್ನು ಬರೆಯಲು ಕಲಿಸಿದ ವಿದ್ಯೆಯ ಮನೆಯೇ ಅಳಿಸೆಂದೂ ಹೇಳುತ್ತದೆ. ಅಳಿಸಿದ ಮೇಲೆ ಅವರು ಬದುಕುತ್ತಾರೆ, ಮರ್ಯಾದೆಯಿಂದಲೇ ಬದುಕುತ್ತಾರೆ. ಹೆತ್ತವಳೊಡನೆ ಮಾತನಾಡುವಾಗ ಮಾತ್ರ ಅವಳ ಕಿವಿಯ ಕಡೆ ನೋಡುವುದಿಲ್ಲ.