ಹದಿನೈದು ಕೆಜಿ ಅಭ್ಯಾಸ

ಆರೂವರೆ ಸಾವಿರ ಕೊಟ್ಟು ತಂದ ಟ್ರಂಪೆಟ್ಟಿನ ಅಗಲ ಬಾಯೊಳಗೆ ಮತ್ತೆ ಹಿಟ್ಟು ಕೂತಿದೆ, ಬೆರಳು ಆಡಿಸಿದರೆ ಹಿತ್ತಾಳೆಯ ಮೇಲೆ ತೆಳು ಹಳದಿ ಗೆರೆ, ಮೆಕ್ಕೆಜೋಳದ್ದು, ರಾಗಿಯದ್ದಾಗಿದ್ದರೆ ಕಂದಾಗಿರುತ್ತಿತ್ತು, ನ್ಯಾಮತಿಯಲ್ಲಿ ಇಪ್ಪತ್ತೆರಡು ವರ್ಷ ಹಿಟ್ಟಿನ ಗಿರಣಿ ನಡೆಸಿದ ಮರುಳಪ್ಪನಿಗೆ ಅಷ್ಟೂ ತಿಳಿಯದೆ ಇದ್ದೀತೇ — ಟ್ರಂಪೆಟ್ಟಿಗೆ ಆರೂವರೆ, ಅದೂ ಚನ್ನಗಿರಿಯ ಬ್ಯಾಂಡ್ ಸೆಟ್ಟಿನವನು ಎಂಟು ಹೇಳಿದ್ದನ್ನು ಚೌಕಾಸಿ ಮಾಡಿ ಇಳಿಸಿದ್ದು, ಫೋನು ನಿಲ್ಲಿಸುವ ಸ್ಟ್ಯಾಂಡಿಗೆ ಇನ್ನೂರ ಐವತ್ತು, ಪಾಠಕ್ಕೆ ತಿಂಗಳಿಗೆ ನಾನೂರರಂತೆ ಐದು ತಿಂಗಳು, ತುಟಿಗೆ ಹಚ್ಚುವ ಬೆಣ್ಣೆ ಮನೆಯದ್ದೇ, ಅದನ್ನು ಹಿಡಿಯುವುದು ಬೇಡ, ಎಲ್ಲ ಕೂಡಿಸಿದರೂ ಹೆಂಡತಿ ಕಸ್ತೂರಮ್ಮನ, ಅಟ್ಟದ ಡಬ್ಬಿಯಲ್ಲಿ ಮಲಗಿರುವ ಕಿವಿ ಮೆಷಿನ್ನಿನ ಮೂರನೇ ಒಂದು ಪಾಲು ಆಗುವುದಿಲ್ಲ. ಇಪ್ಪತ್ತೆಂಟು ಸಾವಿರದ ಮೆಷಿನ್ನು, ಒಂದು ವಾರ ಹಾಕಿಕೊಂಡಳು, ಗಿರಣಿ ಸದ್ದು, ನಿಮ್ಮ ಸದ್ದು, ಕಾಗೆ ಸದ್ದು ಎಲ್ಲಾ ಒಂದೇ ಚೀಲಕ್ಕೆ ತುಂಬಿ ತಲೆಯೊಳಗೆ ಸುರೀತೈತ್ರೀ, ನಂಗೆ ಬ್ಯಾಡ, ಎಂದು ತೆಗೆದಿಟ್ಟಳು. ಹೆಂಡತಿಯ ಮೇಲೆ ಸಿಟ್ಟು ಮಾಡಲು ಅವನಿಗೆ ಮುಖವೆಲ್ಲಿತ್ತು, ಕಿವಿ ಕಳೆದದ್ದೇ ಈ ಗಿರಣಿ, ತಾನು ಸೊಸೈಟಿ, ಸಂತೆ, ಪಂಚಾಯ್ತಿ ಎಂದು ಹೊರಗೆ ತಿರುಗುತ್ತಿದ್ದಾಗ ಮೋಟಾರಿನ ಪಕ್ಕ ನಿಂತು ಕಾಳು ಸುರಿದವಳು ಅವಳು. ಅವಳ ಕಿವಿಯನ್ನು ಬೀಸಿ ಬೀಸಿ ಊರಿಗೆಲ್ಲ ಹಿಟ್ಟು ಕೊಟ್ಟಂತಾಯಿತು.

ಗಿರಣಿ ಕಲ್ಲಿನ ಮೇಲಿನ ಡಬ್ಬದಲ್ಲಿ ಹದಿನೈದು ಕೆಜಿ ಜೋಳವಿದೆ, ತಂದ ಗಿರಾಕಿ ಸಂತೆಗೆ ಹೋಗಿದ್ದಾಳೆ, ಕಲ್ಲು ತಿರುಗುತ್ತಿದೆ, ಫೋನು ಮೂಟೆಯ ಮೇಲೆ ನಿಂತಿದೆ, ಹಿಂಬಾಗಿಲ ಆಚೆ ಹಿತ್ತಲಲ್ಲಿ ಕಸ್ತೂರಮ್ಮ ಬೆನ್ನು ತೋರಿಸಿ ಕೂತು ತೊಗರಿ ಕೇರುತ್ತಿದ್ದಾಳೆ, ಮೊರ ಏಳುತ್ತದೆ, ಇಳಿಯುತ್ತದೆ — ಇಲ್ಲಿಂದ ಅಲ್ಲಿಗೆ ಹದಿನೆಂಟು ಹೆಜ್ಜೆ, ಆ ಹದಿನೆಂಟು ಹೆಜ್ಜೆಗೆ ಸೋಮಾರಿತನ ಮಾಡಿ ಅವನು ಹಿಡಿದ ದಾರಿಯನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ, ಕೂಗಿದರೆ ಕೇಳುವುದಿಲ್ಲವಲ್ಲ, ಒಂದು ಜೋಳದ ಕಾಳು ತೆಗೆದು ಬೆನ್ನಿಗೆ ಎಸೆಯುವುದು, ಅವಳು ತಿರುಗುವುದು, ಬೀಗದ ಕೈ ಎಲ್ಲಿ, ಟೀ ತಾ, ಜರಡಿ ಎಲ್ಲಿಟ್ಟೆ. ಗುರಿ ಮಾತ್ರ ಚೆನ್ನಾಗಿ ಕೂತಿತ್ತು, ಅದನ್ನೇ ಜಾಣತನ ಎಂದುಕೊಂಡಿದ್ದ. ಒಂದು ದಿನ ಗಿರಾಕಿ ಹೆಂಗಸರ ಎದುರಿಗೇ ಎಸೆದ, ಅವರು ಮುಸಿಮುಸಿ ನಕ್ಕರು, ಅವಳು ಬಗ್ಗಿ ಕಾಳನ್ನು ಆರಿಸಿ ತಂದು ಅವನ ಅಂಗೈಗೆ ಇಟ್ಟಳು, ನಾನೇನು ಕೋಳೀನಾ, ಬಾ ಬಾ ಅಂತ ಕಾಳು ಎಸೆಯಾಕೆ? ಅವತ್ತಿನಿಂದ ಎಸೆದರೂ ತಿರುಗಲಿಲ್ಲ, ಬೆನ್ನಿಗೆ ಬಿದ್ದದ್ದು ಗೊತ್ತಾದರೂ ತಿರುಗಲಿಲ್ಲ, ಆ ಬೆನ್ನು ಗೋಡೆಯಾಯಿತು, ಅಡುಗೆ ಮಾಡಿದಳು, ಬಡಿಸಿದಳು, ಗಿರಣಿ ಗುಡಿಸಿದಳು, ತಿರುಗಲಿಲ್ಲ. ಅವನೂ ಹದಿನೆಂಟು ಹೆಜ್ಜೆ ನಡೆಯತೊಡಗಿದ, ನಡೆದು ಹೋಗಿ ಮುಂದೆ ನಿಂತರೆ ಮುಖ ಎತ್ತಿ, ಏನು, ಅನ್ನುವಳು, ಅಂಗಡಿಯಲ್ಲಿ ಕೇಳಿದ ಹಾಗೆ.

ಹೊನ್ನಾಳಿಯಲ್ಲಿ ಅವಳ ತಂಗಿಯ ಮಗಳ ಮದುವೆ ಇಲ್ಲದಿದ್ದರೆ ಹಾಗೇ ಉಳಿದುಬಿಡುತ್ತಿತ್ತೇನೋ — ಊಟದ ಪಂಕ್ತಿ, ಎದುರು ಬದುರು ಕೂತಿದ್ದರು, ಹೊರಗೆ ಬೀದಿಯಲ್ಲಿ ಡೋಲು ಬಡಿಯುತ್ತಿತ್ತು, ಅದಕ್ಕೆ ಅವಳು ಅಲುಗಲಿಲ್ಲ, ಆಮೇಲೆ ಒಂದು ಟ್ರಂಪೆಟ್ ಎದ್ದಿತು, ಕಸ್ತೂರಮ್ಮ ಹೋಳಿಗೆ ಮುರಿದು ಬಾಯಿಗೆ ಒಯ್ಯುತ್ತಿದ್ದ ಕೈ ನಡುದಾರಿಯಲ್ಲಿ ನಿಂತಿತು, ಕತ್ತು ಬಾಗಿಲ ಕಡೆ ತಿರುಗಿತು. ಯಾರ್ರೀ ಅದು, ಎಷ್ಟು ಚೆಂದ ಊದ್ತಾರೆ! ಯಾರೂ ತೋರಿಸದೆ, ಯಾರೂ ಮುಟ್ಟದೆ, ಎರಡು ವರ್ಷದಲ್ಲಿ ಮೊದಲ ಸಲ. ಮರುಳಪ್ಪ ಎಲೆ ಬಿಟ್ಟು ಎದ್ದು ಹೊರಗೆ ಓಡಿದರೆ ಕೆಂಪು ಕೋಟು ಹಾಕಿಕೊಂಡು ಬೆವರುತ್ತಿದ್ದ ಒಬ್ಬ ಸಣಕಲ ಮನುಷ್ಯ, ಕೆನ್ನೆ ಉಬ್ಬಿಸಿ ಊದುತ್ತಿದ್ದಾನೆ, ಅವನ ಹೆಸರೂ ಕೇಳಲಿಲ್ಲ, ಜೇಬಿಗೆ ನೂರು ರೂಪಾಯಿ ತುರುಕಿ ಬಂದ, ಆ ಪುಣ್ಯಾತ್ಮ ಎಲ್ಲಿದ್ದರೂ ಹೊಟ್ಟೆ ತಂಪಾಗಿರಲಿ. ನಡುದಾರಿಯಲ್ಲಿ ನಿಂತ ಕೈ, ತಿರುಗಿದ ಕತ್ತು — ಬಸ್ಸಿನಲ್ಲಿ ಬರುವಾಗಲೂ ಅದೇ, ಮಲಗಿದರೂ ಅದೇ, ಒಂದು ವಾರಕ್ಕೆ ಚನ್ನಗಿರಿಗೆ ಹೋಗಿ ತಂದೇಬಿಟ್ಟ. ಐವತ್ತಾರು ವರ್ಷಕ್ಕೆ. ಕೋಣನ ಮುಂದೆ ಕಿನ್ನರಿ ಅಂತಾರೆ, ಇಲ್ಲಿ ಕೋಣವೇ ಕಿನ್ನರಿ ಹಿಡಿದಿತ್ತು.

ಊರು ನಗಬಾರದು, ಅವಳಿಗೂ ಅರ್ಧಂಬರ್ಧ ಕೇಳಿಸಬಾರದು, ಆದ್ದರಿಂದ ಗಿರಣಿ ಓಡುವಾಗಲೇ ಮೂಟೆಗಳ ಹಿಂದೆ ನಿಂತು ಊದಿದ, ಬರಿಗಲ್ಲು ಓಡಿಸಿದರೆ ಕಲ್ಲು ಹಾಳು, ಹಾಗಾಗಿ ಡಬ್ಬದಲ್ಲಿ ಕಾಳಿದ್ದಷ್ಟು ಹೊತ್ತು ಮಾತ್ರ ಅಭ್ಯಾಸ. ಮೊದಲ ವಾರ ಬಂದದ್ದು ಸ್ವರವಲ್ಲ, ಕರು ಕಳೆದುಕೊಂಡ ಎಮ್ಮೆ, ಗಿರಾಕಿಯೊಬ್ಬಳು, ಮರುಳಪ್ಪಾರೇ, ನಿಮ್ಮ ಮೋಟ್ರು ಬೇರಿಂಗ್ ಹೋಗೈತೆ ನೋಡ್ರಿ, ಹೆಂಗ್ ಅಳ್ತೈತೆ ಪಾಪ, ಎಂದು ತಾನೇ ಹೋಗಿ ಮೆಕ್ಯಾನಿಕ್ ಇಲಿಯಾಸನನ್ನು ಕಳಿಸಿದಳು. ಇಲಿಯಾಸ್ ಬೇರಿಂಗಿಗೆ ಕಿವಿ ಕೊಟ್ಟ, ಬೆಲ್ಟು ನೋಡಿದ, ಮೂಟೆಗಳ ಹಿಂದೆ ಬಂದು ನೋಡಿದ, ನಗಲಿಲ್ಲ, ಅದೇ ದೊಡ್ಡದು. ಅಣ್ಣಾ, ಇದು ಗ್ರೀಸ್ ಹಚ್ಚಿದ್ರೆ ಸರಿಹೋಗೋ ಸದ್ದಲ್ಲ, ಬಿಳಿಚೋಡಲ್ಲಿ ನಮ್ಮ ಮಾಮು ಅದಾರೆ, ನಲವತ್ತು ವರ್ಷ ಬ್ಯಾಂಡಲ್ಲಿ ಊದಿದೋರು, ಫೋನಲ್ಲೇ ಕಲಿಸ್ತಾರೆ. ಜಗಳೂರಿನ ಆಚೆ ಬಿಳಿಚೋಡಿಗೆ ವಾರ ವಾರ ಹೋಗಿ ಬರುವುದಾದರೆ ಗಿರಣಿ ಮುಚ್ಚಬೇಕಿತ್ತು, ಈಗ ಬುಧವಾರ, ಶನಿವಾರ ಹನ್ನೊಂದಕ್ಕೆ ಆ ಮಾಮು ಮುರ್ತುಜಾಸಾಬರ ಮುಖ ಫೋನಿನೊಳಗೆ ಮೂಟೆಯ ಮೇಲೆ ಬಂದು ಕೂರುತ್ತದೆ, ಮುಂದಿನ ನಾಲ್ಕು ಹಲ್ಲಿಲ್ಲ, ಹಲ್ಲು ಹೋದ ಮೇಲೆ ತುಟಿ ಎಲ್ಲಿ ನಿಲ್ಲಬೇಕು, ಕಟ್ಟಿಸಿದ ಹಲ್ಲು ಊದಿದರೆ ಜಾರುತ್ತದಂತೆ. ಊದಲಾರದ ಮನುಷ್ಯ, ಬೊಚ್ಚು ಬಾಯಲ್ಲೇ ಹಾಡಿ ತೋರಿಸುತ್ತಾರೆ, ತುಟಿಯನ್ನು ಕ್ಯಾಮೆರಾಗೆ ಅಂಟಿಸಿ, ಹಿಂಗೆ, ಬಿಗೀರಿ, ಅಳೋ ಮಗೂನಂಗೆ ಅಲ್ಲ, ಮುನಿಸ್ಕೊಂಡ ಹೆಂಡ್ತಿಯಂಗೆ. ಫೀಸು ಬೇಡ ಅನ್ನುತ್ತಾರೇನೋ ಎಂದು ಆಸೆಪಟ್ಟಿದ್ದ, ಫುಕ್ಕಟೆ ಕಲಿತಿದ್ದು ಬಾಯಿಗೆ ಹತ್ತಲ್ಲ ಮರುಳಪ್ಪಾರೇ, ನಾನೂರು ಹಾಕಿ, ಅಂದರು, ಸರಿಯಾದ ಮಾತು. ಒಂದು ಸಲ ಸ್ವರ ಗೊರಗೊರ ಅಂದಿತು, ಒಳಗೆ ಸೇರಿದ ಹಿಟ್ಟು ಉಗುಳಲ್ಲಿ ಕಲಸಿಹೋಗಿತ್ತು, ಟ್ರಂಪೆಟ್ಟಲ್ಲಿ ರೊಟ್ಟಿ ತಟ್ತಿದೀರೇನ್ರೀ ಎಂದು ನಕ್ಕು ನಕ್ಕು ಕೆಮ್ಮಿದರು. ಈ ವಾರ ಎಷ್ಟು ಊದಿದ್ರಿ? ದಿನಾ ಹದಿನೈದು ಕೆಜಿ ಊದಿದೀನಿ ಮಾಸ್ಟ್ರೇ. ಅವರು ಗಂಟೆಗೆ ಪರಿವರ್ತನೆ ಮಾಡಿಕೊಳ್ಳುವುದನ್ನು ಈಗ ಕಲಿತಿದ್ದಾರೆ.

ಗುಂಡಿ ಒತ್ತುವುದು ಬೇಡ, ಅಂದಿದ್ದರು ಮಾಸ್ಟರು, ತುಟಿಯಲ್ಲೇ ಮೂರು ಮೆಟ್ಟಿಲು ಹತ್ತಿ, ಕೆಳಗಿನದು, ನಡುವಿನದು, ಮೇಲಿನದು, ನೆನಪಿಗೆ ಒಂದು ಹೆಸರು ಹಾಕ್ಕೊಳ್ರಿ, ಯಾವ ಹೆಸರು ಅಂತ ನಾನು ಕೇಳಲ್ಲ. ಕ, ಸ್ತೂ, ರಿ. ಮೊದಲೆರಡು ಎರಡು ತಿಂಗಳಿಗೆ ಬಂದವು, ರಿ ಮಾತ್ರ ಒಡೆಯುತ್ತಿತ್ತು, ಒಡೆಯದಿದ್ದರೆ ಕುಸಿಯುತ್ತಿತ್ತು. ಹೋದ ಶನಿವಾರ ಮಾಸ್ಟರು ಕಣ್ಣು ಮುಚ್ಚಿ ಕೇಳಿದರು, ಮರುಳಪ್ಪಾರೇ, ನಿಮ್ಮ ಹಿಂದೆ ಯಾರೋ ಗುಂಯ್ ಅಂತ ಶ್ರುತಿ ಹಿಡಿದಾರಲ್ಲ? ಅದು ಗಿರಣಿ ಮಾಸ್ಟ್ರೇ. ಅದಕ್ಕೇ! ಕಾಳು ಜಾಸ್ತಿ ಬಿದ್ದು ಅದು ಕುಗ್ಗಿದ್ರೆ ನೀವೂ ಕುಗ್ತೀರಿ, ಅದು ಎದ್ರೆ ನೀವೂ ಏಳ್ತೀರಿ, ಕಲ್ಲಿಗೆ ಜೋಳ ಬಿದ್ದೈತೆ, ನಿಮಗೇನು ಬಿದ್ದೈತೆ? ಐದು ತಿಂಗಳು ಮೋಟಾರನ್ನು ಗುರು ಮಾಡಿಕೊಂಡಿದ್ದು ಅವನಿಗೇ ಗೊತ್ತಿರಲಿಲ್ಲ. ಬುಧವಾರ ಮೋಟ್ರು ನಿಲ್ಲಿಸಿ ಊದ್ರಿ. ಆಗಲಿ ಅಂದ, ಆದರೆ ನಿಲ್ಲಿಸಿ ಊದಿದರೆ ಹಿತ್ತಲಿಗೆ ಹೋಗುತ್ತದೆ, ಹೋಗಿ ಅವಳು ತಿರುಗದಿದ್ದರೆ? ಕೇಳಲಿಲ್ಲವೋ, ಕೇಳಿಯೂ ತಿರುಗಲಿಲ್ಲವೋ, ಅದನ್ನು ಯಾವ ಡಾಕ್ಟರು ಹೇಳುತ್ತಾರೆ, ಕಿವಿ ಮಾತ್ರ ಹೋಗಿದ್ದರೆ ತಡೆಯಬಹುದು, ಮನಸ್ಸೂ ಹೋಗಿದ್ದರೆ? ತುಟಿಯ ಮೇಲಿನ ದುಂಡನೆ ಗುರುತು ನೋಡಿ, ಬಾಯಿಗೇನಾತ್ರೀ, ಎಂದು ಅವಳೇ ಮೊನ್ನೆ ಕೇಳಿದ್ದಳು, ತಾನಾಗಿ ಕೇಳಿದ್ದು ಎಷ್ಟೋ ದಿನದ ಮೇಲೆ, ಹೇಳಿಬಿಡಬಹುದಿತ್ತು, ಇರುವೆ ಕಚ್ತು ಅಂದ. ದಿನಾ ಒಂದೇ ಜಾಗದಾಗೆ ಕಚ್ತೈತಾ? ಹೂಂ ಅಂದ.

ಇವತ್ತು ಬುಧವಾರ, ಮೋಟಾರು ನಿಲ್ಲಿಸಿಲ್ಲ, ನಿಲ್ಲಿಸಿದೀರಾ ಅಂದರೆ ಏನು ಹೇಳುವುದು, ಗಿರಾಕಿ ಕಾಳೈತೆ ಮಾಸ್ಟ್ರೇ, ಅಂತ ಹೇಳಿ ಆಯಿತು, ಅವರು ಹುಬ್ಬು ಏರಿಸಿದರು, ಊದ್ರಿ ನೋಡಾಣ. ಬೆಣ್ಣೆ ಹಚ್ಚಿದ ತುಟಿ, ಹೊಟ್ಟೆಯಿಂದ ಉಸಿರು, ಕ — ಕಲ್ಲಿನ ಜೊತೆ ಸರಿಯಾಗಿದೆ — ಸ್ತೂ — ಬಂತು — ರಿ, ಬಂತು, ನಿಂತಿತು, ಅದೇ ಗಳಿಗೆಗೆ ಕರೆಂಟು ಹೋಯಿತು, ಬೆಲ್ಟು ಸಡಿಲವಾಯಿತು, ಕಲ್ಲು ಗುಂಯ್ ಎಂದು ಕೆಳಗೆ ಕೆಳಗೆ ಇಳಿಯಿತು, ಅದರ ಜೊತೆ ಹೋಗಲು ತುಟಿ ಎಳೆಯಿತು, ನಿಮಗೇನು ಬಿದ್ದೈತೆ, ಹಿಡಿದ, ಹೊಟ್ಟೆ ಬಿಗಿದು ಹಿಡಿದ, ಕಲ್ಲು ನಿಂತೇಹೋಯಿತು, ಅವನ ಸ್ವರ ಒಂದೇ ಉಳಿಯಿತು, ಹೆಗಲಿಂದ ಬಟ್ಟೆ ಜಾರಿದ ಹಾಗೆ, ಇಷ್ಟು ದೊಡ್ಡದೇ ಇದು, ಹೊರಗೆ ಹೋಯಿತು, ಬಾಗಿಲು ದಾಟಿತು. ಮೊರ ನಿಂತಿತು. ಇಲ್ಲ, ನಂಬಬಾರದು, ಕಾಳು ಜಾರಿತೋ ಏನೋ, ನೆಲದ ನಡುಕ ನಿಂತದ್ದಕ್ಕೋ ಏನೋ, ಕರೆಂಟು ದಿನಾ ಹೋಗುತ್ತದೆ, ದಿನಾ ಅವಳು ಹೀಗೆ ನಿಲ್ಲಿಸುವುದಿಲ್ಲವಲ್ಲ — ಮೊರ ಮತ್ತೆ ಎದ್ದಿತು. ಮೂಟೆಯ ಮೇಲಿನ ಪುಟ್ಟ ಮುಖ ಪಿಸುಗುಟ್ಟಿತು, ಇನ್ನೊಂದ್ಸಲ, ಮರುಳಪ್ಪಾರೇ, ಈಗ, ಈಗ. ಟ್ರಂಪೆಟ್ ಮತ್ತೆ ತುಟಿಗೆ ಒತ್ತಿದ, ಕ, ಸ್ತೂ, ರಿ ಸ್ವಲ್ಪ ಒಡೆಯಿತು, ಒಡೆದೇ ಹೋಯಿತು —

ಎದೆಯ ಮಟ್ಟಕ್ಕೆ ಎತ್ತಿದ ಮೊರ ಗಾಳಿಯಲ್ಲೇ ನಿಂತಿತು, ಹೊಟ್ಟು ಮಾತ್ರ ನಿಧಾನವಾಗಿ ಇಳಿಯಿತು, ಕಸ್ತೂರಮ್ಮನ ಕತ್ತು ತಿರುಗಿತು. ಟ್ರಂಪೆಟ್ ನೋಡಿದಳು, ಅವನ ತುಟಿ ನೋಡಿದಳು. ಇದೇ ಏನ್ರೀ ನಿಮ್ಮ ಇರುವೆ? ಅವನು ಹೌದೆಂದು ತಲೆಯಾಡಿಸಿದ. ಕರೆದ್ರಲ್ಲ, ಏನು ಬೇಕು? ಬೀಗದ ಕೈ ಜೇಬಿನಲ್ಲೇ ಇದೆ, ಟೀ ಕುಡಿದಾಗಿದೆ, ಜರಡಿ ಎದುರಿಗಿದೆ, ಐದು ತಿಂಗಳು ಕರೆಯುವುದನ್ನು ಕಲಿತವನು ಕರೆದು ಏನು ಹೇಳಬೇಕೆಂದು ಯೋಚಿಸಿರಲೇ ಇಲ್ಲ, ಅವಳು ತುಟಿ ಓದಿಕೊಳ್ಳುವ ಹಾಗೆ ಬಾಯಿ ಅಗಲ ಮಾಡಿ, ಏನಿಲ್ಲ, ಸುಮ್ನೆ, ಅಂದ. ಸುಮ್ನೆನಾ, ಅಂದಳು, ಮೊರ ಇಳಿಸಲಿಲ್ಲ. ಹೋದ ಕಿವಿ ಬಂದಿಲ್ಲ, ಬರುವುದೂ ಇಲ್ಲ. ಕಾಳು ಎಸೆಯದೆ ಕರೆದ, ಅವಳು ತಿರುಗಿದಳು, ಮೊರ ಗಾಳಿಯಲ್ಲಿದೆ, ಕತ್ತು ತಿರುಗಿದೆ, ಇನ್ನೂ ತಿರುಗಿಯೇ ಇದೆ.